ವಾರಗಳ ಪಟ: ಒಂದು ವರ್ಷ ಬಳಸಿದ ಮೇಲೆ

ಮನುಷ್ಯನ ಆಯುಷ್ಯವನ್ನು 80 ವರ್ಷವೆಂದು ಹಿಡಿದು, ವರ್ಷಕ್ಕೊಂದು ಸಾಲು, ವಾರಕ್ಕೊಂದು ಚೌಕದಂತೆ 4,160 ಚೌಕಗಳನ್ನು ಒಂದೇ ಹಾಳೆಯಲ್ಲಿ ಮುದ್ರಿಸಿದ ಗೋಡೆಪಟವೊಂದನ್ನು ಕಳೆದ ವರ್ಷ ತರಿಸಿಕೊಂಡೆ. ಕಳೆದ ವಾರಗಳನ್ನು ಮಸಿಯಿಂದ ತುಂಬುತ್ತ ಹೋಗುವುದಷ್ಟೇ ಇದರ ಬಳಕೆ. ನನಗಾಗ 46 ತುಂಬಿತ್ತು. ಹಾಗಾಗಿ ಮೊದಲಿಗೆ 2,392 ಚೌಕಗಳನ್ನು ಕಪ್ಪು ಮಾಡಬೇಕಾಯಿತು. ಅದಕ್ಕೆ ಎರಡು ಸಂಜೆ ಹಿಡಿಯಿತು.

ಈ ಪಟದಿಂದ ನನಗೆ ದಕ್ಕಿದ ನಿಜವಾದ ಪ್ರಯೋಜನವೆಲ್ಲ ಆ ಎರಡು ಸಂಜೆಗಳದ್ದೇ. ಬದುಕು ಚಿಕ್ಕದೆಂಬ ಮಾತನ್ನು ಎಷ್ಟೋ ಸಲ ಕೇಳಿದ್ದರೂ, ಉಳಿದ ಚೌಕಗಳೆಲ್ಲ ನನ್ನ ಎರಡು ಅಂಗೈಗಳ ಅಡಿಯಲ್ಲಿ ಮುಚ್ಚಿಹೋಗುತ್ತವೆಂದು ಕಂಡಾಗ ಅದು ಮೊದಲ ಬಾರಿಗೆ ಮನಸ್ಸಿಗೆ ನಾಟಿತು. ನಲವತ್ತೊಂದನೆಯ ಸಾಲಿಗೆ ಬಂದಾಗ ಕೈ ನಿಂತಿತು. ನನಗೆ ಓದಿನ ರುಚಿ ಹತ್ತಿಸಿದ ಮೇಷ್ಟ್ರು ಆ ವರ್ಷ ‘ಒಮ್ಮೆ ಬಂದು ಹೋಗು’ ಎಂದು ಹೇಳಿ ಕಳಿಸಿದ್ದರು. ಕೈಯಲ್ಲಿರುವ ಕೆಲಸ ಮುಗಿಯಲಿ ಎಂದು ಮುಂದೂಡುತ್ತ ಬಂದೆ. ಆ ಸಾಲು ಮುಗಿಯುವ ಮೊದಲೇ ಅವರು ತೀರಿಕೊಂಡರು. ನಾನು ಹೋಗದೆ ಉಳಿದದ್ದಕ್ಕೆ ಪಟದಲ್ಲಿ ಗುರುತಿಲ್ಲ. ಆ ವಾರಗಳೂ ಉಳಿದವುಗಳಂತೆಯೇ ಕಪ್ಪಾಗಿವೆ.

ಇದನ್ನು ಪಟದ ದೊಡ್ಡ ಕೊರತೆಯೆಂದೇ ಹೇಳಬೇಕು. ಮನಶ್ಶಾಸ್ತ್ರಜ್ಞರಾದ ಥಾಮಸ್ ಗಿಲೊವಿಚ್ ಮತ್ತು ವಿಕ್ಟೋರಿಯಾ ಮೆಡ್ವೆಕ್ 1990ರ ದಶಕದಲ್ಲಿ ನಡೆಸಿದ ಅಧ್ಯಯನಗಳ ಪ್ರಕಾರ, ಮಾಡಿದ ತಪ್ಪು ಆ ಹೊತ್ತಿಗೆ ಹೆಚ್ಚು ಚುಚ್ಚುತ್ತದೆಯಾದರೂ, ಇಡೀ ಬದುಕನ್ನು ಹಿಂದಿರುಗಿ ನೋಡುವಾಗ ಮಾಡದೆ ಬಿಟ್ಟದ್ದರ ಹಳಹಳಿಕೆಯೇ ಮೇಲಾಗಿ ನಿಲ್ಲುತ್ತದೆ. ಕಳೆದ ಕಾಲವನ್ನಷ್ಟೇ ಲೆಕ್ಕವಿಡುವ ಪಟ, ಬಿಟ್ಟದ್ದನ್ನು ಬರೆದುಕೊಳ್ಳಲು ಒಂದು ಅಂಚನ್ನಾದರೂ ಉಳಿಸಬೇಕಿತ್ತು. ಕೊನೆಗೆ ನಾನೇ ಪಕ್ಕದಲ್ಲೊಂದು ಬಿಳಿ ಹಾಳೆ ಅಂಟಿಸಿ, ಮುಂದೂಡುತ್ತಿದ್ದ ಐದು ಕೆಲಸಗಳನ್ನು ಬರೆದೆ. ಮೊದಲನೆಯದು, ಮಾತು ಬಿಟ್ಟಿದ್ದ ಅಕ್ಕನನ್ನು ಕಾಣುವುದು. ಹೋದೆ. ಹಳೆಯ ಜಗಳ ಪೂರ್ತಿ ಬಗೆಹರಿಯಲಿಲ್ಲ, ಆದರೆ ಈಗ ವಾರಕ್ಕೊಮ್ಮೆ ಮಾತನಾಡುತ್ತೇವೆ. ಇನ್ನೊಂದು ಕೆಲಸವೂ ಆಯಿತು. ಮೂರು ಹಾಗೆಯೇ ಇವೆ.

ಕಾಗದ ಬಹಳ ನುಣುಪು. ಮಸಿ ಬೇಗ ಒಣಗದೆ ಹರಡುವುದರಿಂದ ಪೆನ್ಸಿಲ್ ವಾಸಿ. ಲೆಕ್ಕದಲ್ಲೂ ಒಂದು ದೋಷವಿದೆ. ವರ್ಷಕ್ಕೆ 52 ವಾರಗಳ ಮೇಲೆ ಒಂದು ದಿನ, ಅಧಿಕ ವರ್ಷದಲ್ಲಿ ಎರಡು ದಿನ ಮಿಗುವುದನ್ನು ತಯಾರಕರು ಬಿಟ್ಟಿದ್ದಾರೆ. 80 ವರ್ಷಕ್ಕೆ ಅದು ಸುಮಾರು 14 ವಾರಗಳಾಗುತ್ತದೆ. ಮೂರು ತಿಂಗಳಿಗೂ ಮಿಕ್ಕ ಆ ಕಾಲ ನನಗೆ ಸಣ್ಣದೆನಿಸುವುದಿಲ್ಲ. ಅದಕ್ಕಿಂತ ಗಂಭೀರವಾದದ್ದು, ಖಾಲಿ ಚೌಕಗಳೆಲ್ಲ ನಮಗಾಗಿ ಮೀಸಲಾಗಿವೆ ಎಂಬ ಭಾವನೆಯನ್ನು ಈ ಪಟ ಹುಟ್ಟಿಸುತ್ತದೆ. 80 ಎಂಬುದು ಮುದ್ರಿಸಿದವರ ಅಂದಾಜೇ ಹೊರತು ಯಾರ ಆಯುಷ್ಯಕ್ಕೂ ಕೊಟ್ಟ ಭರವಸೆಯಲ್ಲ.

ಕಾಯಿಲೆಯಲ್ಲಿರುವವರಿಗೆ, ಈಚೆಗೆ ಆಪ್ತರನ್ನು ಕಳೆದುಕೊಂಡವರಿಗೆ ಇದನ್ನು ಉಡುಗೊರೆಯಾಗಿ ಕೊಡಬೇಡಿ. ಉಳಿದವರು ಧಾರಾಳವಾಗಿ ತರಿಸಿಕೊಳ್ಳಬಹುದು. ಬಂದವರೆಲ್ಲರ ಕಣ್ಣಿಗೆ ಬೀಳುವ ಗೋಡೆಗಿಂತ ಓದುವ ಮೇಜಿನ ಬಳಿ, ಪಕ್ಕದಲ್ಲಿ ಒಂದು ಬಿಳಿ ಹಾಳೆಗೆ ಜಾಗವಿಟ್ಟು ಹಾಕಿಕೊಳ್ಳುವುದು ಒಳ್ಳೆಯದು.