ಬಾತ್‌ರೂಮಿನ ಪಿವಿಸಿ ಪ್ಯಾನೆಲ್‌ಗೆ ಪೇಂಟ್: ಯಾವುದು ಹಿಡಿಯುತ್ತೆ, ಯಾವುದು ಸುಲಿಯುತ್ತೆ

ಪಿವಿಸಿ ಪ್ಯಾನೆಲ್ ಹಾಕಿಸಿ ಕೆಲವು ವರ್ಷ ಕಳೆದ ಮೇಲೆ ಬರುವ ದೂರು ಹೆಚ್ಚಾಗಿ ಸೋರಿಕೆಯದ್ದಲ್ಲ, ನೋಟದ್ದು. ಬಕೆಟ್ ತಾಗುವ ಕಡೆ ಪ್ರಿಂಟ್ ಸವೆದು ಬಿಳಿ ಕಾಣುತ್ತಿರುತ್ತದೆ, ನಲ್ಲಿಯ ಸುತ್ತ ಬೋರ್‌ವೆಲ್ ನೀರಿನ ಉಪ್ಪು ಕಟ್ಟಿರುತ್ತದೆ, ಅಂದು ಇಷ್ಟಪಟ್ಟು ಆರಿಸಿದ ಕಂದು ಮಾರ್ಬಲ್ ಡಿಸೈನ್ ಇಂದು ಸಣ್ಣ ಬಾತ್‌ರೂಮನ್ನು ಇನ್ನಷ್ಟು ಕತ್ತಲಾಗಿಸುತ್ತಿರುತ್ತದೆ. ಬಿಚ್ಚಿಸದೆ ಮೇಲೆಯೇ ಪೇಂಟ್ ಹೊಡೆಯಬಹುದೇ ಅಂದರೆ, ಹೊಡೆಯಬಹುದು. ಆದರೆ ಅಂಗಡಿಯಲ್ಲಿ ‘ಪ್ಯಾನೆಲ್‌ಗೆ ಪೇಂಟ್ ಕೊಡಿ’ ಎಂದು ಕೇಳಿದರೆ ಕೌಂಟರ್ ಮೇಲೆ ನಾಲ್ಕು ಬಗೆಯ ಡಬ್ಬಿ ಬಂದು ಕೂರುತ್ತವೆ. ಒಂದೊಂದರದ್ದು ಒಂದೊಂದು ಗುಣ.

ತೀರ್ಪು ಮೊದಲೇ ಹೇಳಿಬಿಡುತ್ತೇವೆ. ನೀರು ನೇರವಾಗಿ ಬೀಳದ ಗೋಡೆಗಳಿಗೆ ಬಾಂಡಿಂಗ್ ಪ್ರೈಮರ್ (ನುಣುಪು ಮೇಲ್ಮೈಗೆ ಪೇಂಟ್ ಹಿಡಿಸುವ ಮೊದಲ ಕೋಟ್) ಮೇಲೆ ವಾಟರ್ ಬೇಸ್ಡ್ ಎನಾಮೆಲ್. ಶವರ್ ಕೆಳಗಿನ ಗೋಡೆಗೆ ಹಾರ್ಡ್‌ನರ್ (ಪೇಂಟನ್ನು ಗಟ್ಟಿಯಾಗಿಸುವ ಎರಡನೇ ದ್ರವ) ಬೆರೆಸುವ ಪಿಯು, ಅಂದರೆ ಪಾಲಿಯುರೆಥೇನ್ ಪೇಂಟ್. ಆಯಿಲ್ ಪೇಂಟ್ ಬೇಡ. ಎಪಾಕ್ಸಿ ಟೈಲ್ಸ್‌ಗೆ ಇರಲಿ, ಪ್ಯಾನೆಲ್‌ಗೆ ಬೇಡ. ಯಾವ ಕಂಪನಿಯ ಡಬ್ಬಿ ಅನ್ನುವುದಕ್ಕಿಂತ ಪ್ರೈಮರ್ ಯಾವುದು, ಗೋಡೆ ಎಷ್ಟು ಶುದ್ಧ ಅನ್ನುವುದೇ ಇಲ್ಲಿ ಫಲಿತಾಂಶ ನಿರ್ಧರಿಸುತ್ತದೆ.

ಡಬ್ಬಿ ಕೊಳ್ಳುವ ಮೊದಲು ಗೋಡೆಯಲ್ಲಿ ಇರುವುದು ಏನೆಂದು ನೋಡಿಕೊಳ್ಳಿ. ನಮ್ಮಲ್ಲಿ ಹೆಚ್ಚು ಕಾಣುವುದು 10 ಇಂಚು ಅಗಲದ, ಒಳಗೆ ಟೊಳ್ಳಿರುವ, ಒಂದಕ್ಕೊಂದು ಲಾಕ್ ಆಗುವ ಪಟ್ಟಿ. ದಪ್ಪ 5ರಿಂದ 10 ಮಿ.ಮೀ. ಇದರ ಮೇಲ್ಮೈಯಲ್ಲಿ ಬರೀ ಪ್ರಿಂಟ್ ಇದ್ದರೆ ಪೇಂಟ್‌ಗೆ ತಕರಾರಿಲ್ಲ. ಮರದ ಗೆರೆಯ ಡಿಸೈನಿನ ಪಟ್ಟಿಗಳ ಮೇಲೆ ತೆಳು ಫಿಲ್ಮ್ ಅಂಟಿಸಿರುತ್ತಾರೆ. ಬೀಡಿಂಗ್ (ಅಂಚು ಮುಚ್ಚುವ ಪಟ್ಟಿ) ಪಕ್ಕದ ಕತ್ತರಿಸಿದ ಅಂಚಿನಲ್ಲಿ ಉಗುರು ಹಾಕಿ ಎತ್ತಿ ನೋಡಿ. ಫಿಲ್ಮ್ ಏಳುತ್ತಿದ್ದರೆ ಪೇಂಟ್ ಆಸೆ ಬಿಡಿ. ಫಿಲ್ಮ್ ಕಿತ್ತು ಬರುವಾಗ ನಿಮ್ಮ ಪೇಂಟನ್ನೂ ಕರೆದುಕೊಂಡೇ ಬರುತ್ತದೆ. ಇನ್ನೊಂದು ಬಗೆ 8×4 ಅಡಿಯ ಯುವಿ ಮಾರ್ಬಲ್ ಶೀಟ್. ಅದರ ಮೇಲಿನ ಹೊಳಪು ಕೋಟಿಂಗ್ ಬಹಳ ಗಟ್ಟಿ. ಪೂರ್ತಿ ಮಂಕಾಗುವವರೆಗೆ ಉಜ್ಜದಿದ್ದರೆ ಅದರ ಮೇಲೆ ಏನೂ ನಿಲ್ಲದು.

ಆಮೇಲೆ ಪಟ್ಟಿಗಳನ್ನು ಕೈಯಿಂದ ಒತ್ತುತ್ತಾ ಹೋಗಿ, ಕೆಳಗಿನ ಒಂದಡಿಯನ್ನು ವಿಶೇಷವಾಗಿ. ಒಳಗೆ ನೀರು ಪಿಚಕ್ ಅಂದರೆ, ಬೀಡಿಂಗ್ ಸಂದಿಯಿಂದ ಕಪ್ಪು ನೀರು ಇಳಿದರೆ, ಹಿಂದೆ ನೀರು ನಿಂತಿದೆ, ಪ್ಯಾನೆಲ್ ಕೂರಿಸಿದ ಮರದ ರೀಪರ್ (ಪಟ್ಟಿ) ಕೊಳೆಯುತ್ತಿರಬಹುದು. ಆ ಪಟ್ಟಿ ಬಿಚ್ಚಲೇಬೇಕು. ಹಾಗೇ ಪೇಂಟ್ ಹೊಡೆದರೆ ರೋಗ ಒಳಗೇ ಉಳಿದು ಹೊರಗೆ ಅಲಂಕಾರ ಆದಂತೆ.

ಇನ್ನು ಡಬ್ಬಿಗಳ ವಿಚಾರ.

ಆಯಿಲ್ ಪೇಂಟ್ ಅಗ್ಗ, ಎಲ್ಲ ಪೇಂಟರ್‌ಗಳ ಕೈಗೂ ಪಳಗಿದ್ದು, ಮೊದಲ ವಾರ ಹೊಳೆಯುವುದೂ ಅದೇ. ಆದರೆ ಬಿಳಿ ಆಯಿಲ್ ಪೇಂಟ್ ಬೆಳಕು ಬೀಳದ ಕಡೆ ಹಳದಿಯಾಗುತ್ತದೆ. ಬಿಸಿಲು ಬೀಳುವ ಗೇಟಿಗಿಂತ ಕಿಟಕಿಯಿಲ್ಲದ ಬಾತ್‌ರೂಮಿನಲ್ಲೇ ಇದು ಬೇಗ. ಜೊತೆಗೆ ವರ್ಷ ಕಳೆದಂತೆ ಅದು ಗಟ್ಟಿಯಾಗುತ್ತಲೇ ಹೋಗುತ್ತದೆ, ಒತ್ತಿದರೆ ಬಾಗುವ ಪ್ಯಾನೆಲ್ ಮೇಲೆ ಕೊನೆಗೆ ಬಿರುಕು ಬಿಡುತ್ತದೆ.

ವಾಟರ್ ಬೇಸ್ಡ್ ಎನಾಮೆಲ್‌ಗೆ ಬೆಲೆ ಜಾಸ್ತಿ. ಹಳದಿಯಾಗುವುದು ಕಡಿಮೆ, ವಾಸನೆ ಕಡಿಮೆ, ಒಣಗಿದ ಮೇಲೂ ಸ್ವಲ್ಪ ಬಾಗುವ ಗುಣ ಉಳಿಸಿಕೊಳ್ಳುತ್ತದೆ. ಈ ಕೊನೆಯ ಗುಣಕ್ಕೇ ನಮ್ಮ ಮೊದಲ ಆಯ್ಕೆ. ದೋಷವೂ ಇದೆ: ನೇರ ಪ್ಲಾಸ್ಟಿಕ್ ಮೇಲೆ ಹೊಡೆದರೆ ಉಗುರಿಗೇ ಎದ್ದುಬರುತ್ತದೆ. ಪ್ರೈಮರ್ ಇಲ್ಲದೆ ಇದು ದುಡ್ಡು ದಂಡ.

ಎರಡು ಡಬ್ಬಿಯ ಎಪಾಕ್ಸಿ ಅಂಟುವುದರಲ್ಲಿ ಗಟ್ಟಿಗ, ಸೋಪು ನೀರಿಗೆ ಜಗ್ಗದು. ಸೆರಾಮಿಕ್ ಟೈಲ್ಸ್ ಅಲುಗಾಡುವುದಿಲ್ಲ, ಅಲ್ಲಿ ಸರಿ. ರೀಪರ್‌ನಿಂದ ರೀಪರ್‌ಗೆ ಆಧಾರ ಇರುವ ಟೊಳ್ಳು ಪ್ಯಾನೆಲ್ ಮಧ್ಯದಲ್ಲಿ ಬಾಗುತ್ತದೆ, ಎಪಾಕ್ಸಿ ಬಾಗುವುದಿಲ್ಲ.

ಹಾರ್ಡ್‌ನರ್ ಬೆರೆಸುವ ಪಿಯು ಗಟ್ಟಿಯೂ ಹೌದು, ಬಾಗುವುದೂ ಹೌದು. ಪ್ರತಿದಿನ ಸೋಪು, ಬಿಸಿನೀರು, ಮಗ್ ಏಟು ಎಲ್ಲ ತಾಳುವ ಗೋಡೆಗೆ ಇದಕ್ಕೆ ಸಮ ಇಲ್ಲ. ಆದರೆ ಅದರ ಹಾರ್ಡ್‌ನರ್‌ನಲ್ಲಿ ಐಸೋಸಯನೇಟ್ ಎಂಬ, ಉಸಿರಾಟಕ್ಕೆ ಅಪಾಯದ ರಾಸಾಯನಿಕ ಇರುತ್ತದೆ. ಬಟ್ಟೆ ಮಾಸ್ಕ್ ಅದಕ್ಕೆ ಅಡ್ಡಿಯೇ ಅಲ್ಲ. ಆವಿ ತಡೆಯುವ ಕಾರ್ಟ್ರಿಜ್ ಮಾಸ್ಕ್, ಗ್ಲೌಸ್ ಬೇಕು. ಬಾತ್‌ರೂಮಿನ ಒಳಗೆ ಸ್ಪ್ರೇ ಮಾಡಬಾರದು, ರೋಲರ್ ಮಾತ್ರ. ಅಸ್ತಮಾ ಇರುವವರು ಇದರ ಹತ್ತಿರವೂ ಸುಳಿಯಬಾರದು. ಹಾರ್ಡ್‌ನರ್ ಗಾಳಿಯ ತೇವ ಕುಡಿದು ಗಟ್ಟಿಯಾಗುತ್ತದೆ, ಆದ್ದರಿಂದ ಮುಚ್ಚಳ ತೆಗೆದಿಟ್ಟ ಹಳೆಯ ಡಬ್ಬಿಯನ್ನು ಅಂಗಡಿಯವರು ಕಡಿಮೆಗೆ ಕೊಟ್ಟರೂ ಬೇಡ. ಬೆರೆಸುವ ಪ್ರಮಾಣ ಡಬ್ಬಿಯ ಮೇಲಿದ್ದಂತೆ ಅಳತೆ ಲೋಟದಲ್ಲಿ ಅಳೆದೇ ಹಾಕಬೇಕು. ‘ಒಂದು ಮುಚ್ಚಳ ಸಾಕು ಸಾರ್’ ಎನ್ನುವ ಪೇಂಟರ್ ಹೊಡೆದ ಪಿಯು ತಿಂಗಳಾದರೂ ಅಂಟಂಟಾಗಿಯೇ ಇರುತ್ತದೆ.

ಪ್ರೈಮರ್ ವಿಷಯದಲ್ಲಿ ಎರಡು ತಪ್ಪು ದಾರಿಗಳಿವೆ. ಒಂದು, ಕಾರ್ ಪೇಂಟ್ ಅಂಗಡಿಯ ಬಂಪರ್ ಪ್ರೈಮರ್. ಅದು ಬಂಪರಿನ ಪ್ಲಾಸ್ಟಿಕ್ ಆದ ಪಾಲಿಪ್ರೊಪಿಲೀನ್‌ಗೆ ಮಾಡಿದ್ದು. ಪಾಲಿಪ್ರೊಪಿಲೀನ್ ಪೇಂಟ್ ಹಿಡಿಯಲು ಬಹಳ ಹಟಮಾರಿ, ಪಿವಿಸಿ ಅಷ್ಟಿಲ್ಲ. ಆ ಪ್ರೈಮರಿನ ಬಲವಾದ ಸಾಲ್ವೆಂಟ್ ತೆಳು ಪ್ಯಾನೆಲನ್ನು ಮೆತ್ತಗಾಗಿಸುವ ಅಪಾಯ ಬೇರೆ. ಎರಡನೆಯದು, ಇಂಗ್ಲೆಂಡ್ ಅಮೆರಿಕದ ವಿಡಿಯೊ ನೋಡಿ ಶೆಲ್ಯಾಕ್ (ಅರಗಿನ) ಪ್ರೈಮರ್ ಹುಡುಕಿ, ಸಿಗದೆ, ಫರ್ನಿಚರ್‌ಗೆ ಹೊಡೆಯುವ ಫ್ರೆಂಚ್ ಪಾಲಿಶ್ ತಂದು ಬಳಿಯುವುದು. ಅಲ್ಲಿಯದು ಪಿಗ್ಮೆಂಟ್ ಬೆರೆಸಿ ಪ್ರೈಮರ್ ಆಗಿಯೇ ತಯಾರಾದದ್ದು. ನಮ್ಮ ಪಾಲಿಶ್ ನೀರು ತಾಗಿದರೆ ಬೆಳ್ಳಗಾಗಿ ಮೆತ್ತಗಾಗುವ ಅರಗು. ಬೇಕಿರುವುದು ಡಬ್ಬಿಯ ಮೇಲೆ ಪಿವಿಸಿ ಎಂದು ಸ್ಪಷ್ಟವಾಗಿ ಬರೆದಿರುವ ಬಾಂಡಿಂಗ್ ಪ್ರೈಮರ್. ಬರೆದಿಲ್ಲ ಅಂದರೆ, ಅಂಗಡಿಯವರು ಎಷ್ಟೇ ಹೇಳಲಿ, ಬೇಡ. ಪಿಯುಗೆ ಮಾತ್ರ ಆ ಪಿಯು ಕಂಪನಿಯೇ ಹೇಳುವ ಪ್ರೈಮರ್ ಹಾಕಿ.

ಲೆಕ್ಕ ಹೀಗೆ. 5×7 ಅಡಿಯ ಬಾತ್‌ರೂಮ್, 7 ಅಡಿ ಎತ್ತರಕ್ಕೆ ಪ್ಯಾನೆಲ್: ಸುತ್ತಳತೆ 24 ಅಡಿ, ಒಟ್ಟು 168 ಚದರ ಅಡಿ. ಎರಡೂವರೆ ಅಡಿ ಬಾಗಿಲು ಕಳೆದರೆ ಸುಮಾರು 150. ಲೀಟರಿಗೆ 100 ಚದರ ಅಡಿ ಎಂದು ಹಿಡಿದರೆ ಪ್ರೈಮರ್ ಒಂದು ಕೋಟ್‌ಗೆ ಒಂದೂವರೆ ಲೀಟರ್, ಪೇಂಟ್ ಎರಡು ಕೋಟ್‌ಗೆ 3 ಲೀಟರ್. ಶವರ್ ಇರುವ 5 ಅಡಿ ಗೋಡೆಗೆ ಮಾತ್ರ ಪಿಯು ಅಂದರೆ 35 ಚದರ ಅಡಿ. ಎರಡು ಕೋಟ್‌ಗೆ ಬೆರೆಸಿದ ಪಿಯು ಒಂದು ಲೀಟರ್ ದಾಟದು. ಅಷ್ಟು ಎನಾಮೆಲ್ ಕಡಿಮೆ ಮಾಡಿ. ಎನಾಮೆಲ್‌ನ ಎಲ್ಲ ಡಬ್ಬಿಗಳೂ ಒಂದೇ ಬ್ಯಾಚ್ ಆಗಿರಲಿ, ಮೆಷಿನ್ ಟಿಂಟಿಂಗ್‌ನಲ್ಲಿ ಸಣ್ಣ ವ್ಯತ್ಯಾಸ ಬರುತ್ತದೆ.

ಕೆಲಸದ ಬಹುಪಾಲು ತೊಳೆಯುವುದರಲ್ಲೇ ಇದೆ. ಮೊದಲು ಹಳೆ ಸಿಲಿಕೋನ್ ಪೂರ್ತಿ ಬ್ಲೇಡಿನಿಂದ ಕೆರೆದು ತೆಗೆಯಬೇಕು. ಸಿಲಿಕೋನ್ ಮೇಲೆ ಯಾವ ಪೇಂಟೂ ನಿಲ್ಲದು, ಉಳಿದ ಜಿಡ್ಡಿನ ಮೇಲೆ ಮೀನಿನ ಕಣ್ಣಿನ ಹಾಗೆ ಗುಂಡಗೆ ಗುಳಿ ಬೀಳುತ್ತದೆ. ಉಪ್ಪಿನ ಕಲೆಗೆ ವಿನೆಗರ್ ಅಥವಾ ನೀರಲ್ಲಿ ಕರಗಿಸಿದ ನಿಂಬೆ ಉಪ್ಪು ಹಚ್ಚಿ, ಹತ್ತು ನಿಮಿಷ ಬಿಟ್ಟು ಉಜ್ಜಿ. ಟಾಯ್ಲೆಟ್ ಆಸಿಡ್ ಬೇಡ, ಅಲ್ಯುಮಿನಿಯಂ ಬೀಡಿಂಗ್ ತಿನ್ನುತ್ತದೆ. ಬೂಷ್ಟಿಗೆ ಬ್ಲೀಚ್ ಹಾಕುವುದಾದರೆ ವಿನೆಗರನ್ನು ಪೂರ್ತಿ ತೊಳೆದು ಇನ್ನೊಂದು ದಿನ ಹಾಕಿ. ಎರಡೂ ಸೇರಿದರೆ ಕ್ಲೋರಿನ್ ಅನಿಲ, ಮುಚ್ಚಿದ ಬಾತ್‌ರೂಮಿನಲ್ಲಿ ಅದು ತಮಾಷೆಯಲ್ಲ. ಕೊನೆಗೆ ಪಾತ್ರೆ ತೊಳೆಯುವ ಲಿಕ್ವಿಡ್, ಆಮೇಲೆ ಎರಡು ಸಲ ಬರೀ ನೀರು.

ಈಗ 320 ನಂಬರ್ ವಾಟರ್ ಪೇಪರ್ ಅಥವಾ ಬೂದು ಬಣ್ಣದ ಸ್ಕಾಚ್‌ಬ್ರೈಟ್ ಹಿಡಿದು ಹೊಳಪು ಹೋಗುವವರೆಗೆ ಉಜ್ಜಿ. ಪ್ರಿಂಟ್ ಅಲ್ಲಲ್ಲಿ ಹೋದರೆ ಚಿಂತೆ ಬೇಡ. ಮೆಷಿನ್ ಹಿಡಿಯಬೇಡಿ, ಬಿಸಿಗೆ ಪಿವಿಸಿ ಕರಗಿ ಗೀರು ಬೀಳುತ್ತದೆ. ಆಯಿತೋ ಇಲ್ಲವೋ ನೋಡಲು ಗೋಡೆಗೆ ನೀರು ಎರಚಿ. ನೀರು ಹಾಳೆಯಂತೆ ಹರಡಿ ನಿಂತರೆ ಶುದ್ಧ. ಹನಿಹನಿಯಾಗಿ ಒಡೆದು ಜಾರಿದರೆ ಅಲ್ಲಿ ಇನ್ನೂ ಜಿಡ್ಡಿದೆ, ಮತ್ತೆ ತೊಳೆಯಿರಿ. ಒಣಗಿದ ಮೇಲೆ ಕೊನೆಯದಾಗಿ ಐಸೊಪ್ರೊಪೈಲ್ ಆಲ್ಕೋಹಾಲ್ ಬಟ್ಟೆಯಲ್ಲಿ ಹಾಕಿ ಒರೆಸುವುದು. ಎನ್‌ಸಿ (ನೈಟ್ರೊಸೆಲ್ಯುಲೋಸ್) ಥಿನ್ನರ್, ಅಸಿಟೋನ್ ಎರಡೂ ಪಿವಿಸಿಯನ್ನು ಮೆತ್ತಗಾಗಿಸುತ್ತವೆ, ದೂರ ಇಡಿ.

ಇಡೀ ಗೋಡೆಗೆ ಕೈಹಾಕುವ ಮೊದಲು ಬಾಗಿಲ ಹಿಂದೆ ಒಂದು ಚದರ ಅಡಿಗೆ ಪ್ರೈಮರ್, ಪೇಂಟ್ ಎರಡೂ ಹೊಡೆದು ಒಂದು ವಾರ ಬಿಡಿ. ಆಮೇಲೆ ಬ್ಲೇಡಿನಿಂದ ಗುಣಾಕಾರ ಚಿಹ್ನೆಯಂತೆ ಗೀರಿ, ಮೇಲೆ ಗಟ್ಟಿ ಸೆಲ್ಲೋಟೇಪ್ ಒತ್ತಿ ಅಂಟಿಸಿ, ಜೋರಾಗಿ ಎಳೆಯಿರಿ. ಗೀರಿನ ಅಂಚಿನಲ್ಲಿ ಚೂರುಪಾರು ಬಂದರೆ ಪರವಾಗಿಲ್ಲ. ತುಂಡಾಗಿ ಬಂದರೆ ಆ ಪ್ರೈಮರ್ ನಿಮ್ಮ ಪ್ಯಾನೆಲ್‌ಗೆ ಆಗಿಬರುವುದಿಲ್ಲ. ಒಂದು ವಾರ ಕಾಯುವ ತಾಳ್ಮೆ ಇಲ್ಲದವರೇ ಹೆಚ್ಚು, ಸುಲಿದ ಗೋಡೆಗಳೂ ಅವರದ್ದೇ ಹೆಚ್ಚು.

ಹೊಡೆಯುವಾಗ ಮೊದಲು ಸಂದಿಗಳಿಗೆ ಬ್ರಷ್, ತಕ್ಷಣ ಮೇಲೆ 4 ಇಂಚಿನ ಸಣ್ಣ ರೋಲರ್. ತೆಳುವಾಗಿ ಎರಡು ಕೋಟ್. ದಪ್ಪಗೆ ಒಂದೇ ಕೋಟ್ ಹೊಡೆದರೆ ಮೇಲೆ ಒಣಗಿ ಒಳಗೆ ಹಸಿಯಾಗಿಯೇ ಇರುತ್ತದೆ. ಸಂದಿಗಳಿಗೆ ಪುಟ್ಟಿ ತುಂಬಿ ಸಮತಟ್ಟು ಮಾಡಿಸುವ ಆಸೆ ಹಲವರಿಗೆ. ಅದು ಬೇಡ ಅನ್ನಲು ಕಾರಣ ಇದೆ: ಬಿಸಿನೀರಿನ ಸ್ನಾನಕ್ಕೆ ಪ್ಯಾನೆಲ್ 20 ಡಿಗ್ರಿ ಕಾದರೆ 10 ಇಂಚಿನ ಒಂದು ಪಟ್ಟಿ ಅಗಲದಲ್ಲಿ ಸುಮಾರು 0.3 ಮಿ.ಮೀ. ಹಿಗ್ಗುತ್ತದೆ, ತಣ್ಣಗಾದಾಗ ಕುಗ್ಗುತ್ತದೆ. ಪುಟ್ಟಿ ಅದನ್ನು ತಾಳದು. ಸಂದಿಯ ಗೆರೆ ಗೆರೆಯಾಗಿಯೇ ಉಳಿಯಲಿ. ಪೇಂಟ್ ಅಲ್ಲಿ ಕೂದಲೆಳೆಯಷ್ಟು ಸೀಳಿದರೂ ಗೆರೆಯೊಳಗೆ ಕಾಣದು.

ಕರಾವಳಿಯಲ್ಲಿ, ಮಲೆನಾಡಿನಲ್ಲಿ ಮಳೆಗಾಲ ಕಳೆಯದೆ ಈ ಕೆಲಸ ಬೇಡ. ಗೋಡೆ ಕೈಗೆ ತಣ್ಣಗೆ, ಪಸೆಪಸೆ ಅನ್ನಿಸಿದರೆ ಅಂದು ಡಬ್ಬಿ ತೆರೆಯಬೇಡಿ. ಹೊಡೆದು ಮುಗಿದ ಮೇಲೆ ವಾಟರ್ ಬೇಸ್ಡ್ ಎನಾಮೆಲ್ ಮುಟ್ಟಲು ಒಂದು ದಿನದಲ್ಲೇ ಒಣಗಿದಂತಿರುತ್ತದೆ. ನೀರು ತಾಳುವಷ್ಟು ಗಟ್ಟಿಯಾಗಲು ವಾರ ಬೇಕು. ಒಂದೇ ಬಾತ್‌ರೂಮ್ ಇರುವ ಮನೆಯಲ್ಲಿ ಇದೇ ದೊಡ್ಡ ಕಷ್ಟ. ಮೂರನೇ ದಿನ ಶವರ್ ತಿರುಗಿಸಿದ ಗೋಡೆಯಲ್ಲಿ ಗುಳ್ಳೆ ಏಳುತ್ತವೆ, ಅದಕ್ಕೆ ಪೇಂಟ್ ಕಂಪನಿಯನ್ನು ಬೈದು ಫಲವಿಲ್ಲ.

ಗೋಡೆ ಗಟ್ಟಿಯಾದ ಮೇಲೆ ಮೂಲೆ, ನೆಲದ ಅಂಚು, ನಲ್ಲಿಯ ಸುತ್ತ ಹೊಸ ಸಿಲಿಕೋನ್. ಹುಳಿ ವಿನೆಗರ್ ವಾಸನೆ ಬರುವ ಬಗೆ ಬೇಡ, ನ್ಯೂಟ್ರಲ್ ಎಂದು ಬರೆದದ್ದು ಕೇಳಿ, ಬೂಷ್ಟು ತಡೆಯುವ ಸ್ಯಾನಿಟರಿ ದರ್ಜೆಯದ್ದಾದರೆ ಇನ್ನೂ ಒಳ್ಳೆಯದು. ಪೇಂಟರ್‌ಗೆ ಕೆಲಸ ಒಪ್ಪಿಸುವವರು ಕೊಟೇಶನ್‌ನಲ್ಲಿ ತೊಳೆಯುವುದು, ಉಜ್ಜುವುದು, ಪ್ರೈಮರಿನ ಹೆಸರು, ಸಿಲಿಕೋನ್ ಇವನ್ನೆಲ್ಲ ಬೇರೆಬೇರೆ ಸಾಲಿನಲ್ಲಿ ಬರೆಸಿಕೊಳ್ಳಿ. ‘ಎರಡು ಕೋಟ್ ಪೇಂಟ್, ಇಷ್ಟು ರೂಪಾಯಿ’ ಎಂದಷ್ಟೇ ಇದ್ದರೆ ಬಿಟ್ಟುಹೋಗುವ ಕೆಲಸ ಯಾವುದೆಂದು ಊಹಿಸುವುದು ಕಷ್ಟವಲ್ಲ.