ಮರ ಹೆರೆಯುವ ತೋಪಡದ ಅಲಗು ಮಸೆಯಲು ಯಾವುದು: ವಜ್ರದ ತಟ್ಟೆಯೋ, ಸಾಣೆಕಲ್ಲೋ, ಗಾಜಿನ ಮೇಲಿನ ವಾಟರ್ ಪೇಪರೋ?

10 ಮಿಲಿಮೀಟರ್ ದಪ್ಪದ ಗಾಜಿನ ಮೇಲೆ ವಾಟರ್ ಪೇಪರ್, ಅಂದರೆ ನೀರು ಹಾಕಿ ಉಜ್ಜುವ ಮರಳುಕಾಗದ, ಹಾಸಿ ಅಲಗು ಮಸೆಯುವ ಕ್ರಮಕ್ಕೇ ನನ್ನ ಮತ. ಈ ತಿಳಿವಳಿಕೆ ಬಂದದ್ದು 1,800 ರೂಪಾಯಿ ಕಳೆದುಕೊಂಡ ಮೇಲೆ.

ಕಳೆದ ವರ್ಷ ಬಂಗಾರಪೇಟೆಯಲ್ಲಿ 14 ಅಂಗುಲದ ಕಬ್ಬಿಣದ ತೋಪಡವೊಂದನ್ನು ಕೊಂಡೆ. ಅಗ್ಗದ ತೋಪಡವೆಂದರೆ ಅರ್ಧ ಕೆಲಸ ಕಾರ್ಖಾನೆಯದು, ಉಳಿದರ್ಧ ಕೊಂಡವನದು. ಎರಕದ ಕಬ್ಬಿಣ ಮೆದುವಾದ್ದರಿಂದ ಅಲಗು ಹೊರಚಾಚುವ ಬಾಯಿಯ ಒರಟು ಅಂಚನ್ನು ಸಣ್ಣ ಹಲ್ಲಿನ ಅರದಿಂದ ಅರ್ಧ ಗಂಟೆಯಲ್ಲಿ ಸರಿಪಡಿಸಿದೆ. ಅಲಗು ಮಾತ್ರ ಹದ ಮಾಡಿದ ಉಕ್ಕು. ಅರ ಅದರ ಮೇಲೆ ಜಾರುತ್ತದೆ. ಗ್ರೈಂಡರಿಗೆ ಕೊಡುವ ಧೈರ್ಯ ನನಗಿಲ್ಲ, ಏಕೆಂದರೆ ಅಂಚು ಸುಮಾರು 300 ಡಿಗ್ರಿ ಸೆಲ್ಸಿಯಸ್‌ಗೆ ಕಾದು ನೀಲಿಗೆ ತಿರುಗಿತೆಂದರೆ ಹದ ಹೋದಂತೆಯೇ.

ಮೊದಲು ತರಿಸಿದ್ದು ವಜ್ರದ ಪುಡಿ ಕೂರಿಸಿದ ಉಕ್ಕಿನ ತಟ್ಟೆ. ಬೇಗ ಕೊರೆಯುತ್ತದೆ, ಸವೆಯುವುದು ಕಡಿಮೆ ಎಂಬುದೆಲ್ಲ ನಿಜವೇ. ಆದರೆ ಆ ತಟ್ಟೆಯ ಮೇಲೆ ಮಸೆದ ಅಲಗಿನಿಂದ ಹಲಸಿನ ಹಲಗೆಯನ್ನು ಎಷ್ಟು ನಯವಾಗಿ ಹೆರೆದರೂ, ಎರಡು ಅಂಗುಲದ ಅಂತರದಲ್ಲಿ ಕೂದಲೆಳೆಯಂತಹ ಎರಡು ಗೀರುಗಳು ಉದ್ದಕ್ಕೂ ಉಳಿಯುತ್ತಿದ್ದವು. ಅಲಗು ಓರೆಯಾಗಿ ಕೂತಿದೆಯೆಂದುಕೊಂಡು ತಿರುಗಿಸಿದೆ, ಮರದ ನಾರಿನ ದಿಕ್ಕು ಬದಲಿಸಿದೆ, ನನ್ನ ಕೈಯನ್ನೇ ಶಂಕಿಸಿ ಒಂದು ತಿಂಗಳು ಕಳೆದೆ.

ಪಕ್ಕದ ಮನೆಯ ಅಣ್ಣ ಕೆಜಿಎಫ್‌ನ ಚಿನ್ನದ ಗಣಿ 2001ರಲ್ಲಿ ಮುಚ್ಚುವವರೆಗೂ ಅಲ್ಲಿ ಫಿಟ್ಟರ್ ಆಗಿದ್ದವರು. ಅವರು ಒಂದು ದಪ್ಪ ಗಾಜಿನ ಮೇಲೆ ಪ್ರಷ್ಯನ್ ನೀಲಿ ಬಣ್ಣವನ್ನು ಬೆರಳಿನಿಂದ ತೆಳ್ಳಗೆ ಸವರಿ, ನನ್ನ ತಟ್ಟೆಯನ್ನು ಅದರ ಮೇಲೆ ಬೋರಲಾಗಿಟ್ಟು ತುಸು ಆಡಿಸಿ ಎತ್ತಿದರು. ನೀಲಿ ಅಂಟಿದ್ದು ನಡುವಿನಲ್ಲಿ ಮಾತ್ರ. ಎರಡು ತುದಿಗಳೂ ಒಣಗಿದ್ದವು. ಅಂದರೆ ತಟ್ಟೆಯ ನಡು ಉಬ್ಬಿತ್ತು. “ಮೇಷ್ಟ್ರೇ, ತಪ್ಪು ನಿಮ್ ಕೈದಲ್ಲ, ಈ ತಟ್ಟೇದು,” ಎಂದರು. ಅಂಚು ತಟ್ಟೆಯ ಉದ್ದಕ್ಕೆ ಕೂರುವಂತೆ ಅಲಗನ್ನು ಅಡ್ಡಲಾಗಿ ಹಿಡಿದು ಅದೇ ಉದ್ದಕ್ಕೆ ಆಡಿಸುವುದು ನನ್ನ ಅಭ್ಯಾಸವಾದ್ದರಿಂದ ತಟ್ಟೆಯ ಉಬ್ಬು ಅಲಗಿನ ಅಂಚಿನಲ್ಲಿ ತಗ್ಗಾಗಿ ಮೂಡಿ, ಎರಡು ಮೂಲೆಗಳೂ ಮರವನ್ನು ಗೀರುತ್ತಿದ್ದವು. ಮಾರಿದವರನ್ನು ಕೇಳಿದಾಗ ಹಿಂದಿರುಗಿಸುವ ಅವಧಿ ಮುಗಿದಿತ್ತು.

ಎರಡು ಬದಿಯ ಕಾರ್ಬೊರಂಡಂ ಸಾಣೆಕಲ್ಲು ಅಗ್ಗ, ಹೋದಲ್ಲೆಲ್ಲ ಸಿಗುತ್ತದೆ. ಬಳಸಿದಂತೆ ನಡು ತಗ್ಗಾಗುತ್ತದೆ, ಆಗಾಗ ಅದನ್ನೇ ಉಜ್ಜಿ ಮಟ್ಟ ಮಾಡಬೇಕಾಗುತ್ತದೆ.

ಗಾಜಿಗೆ ಆ ಚಿಂತೆಯಿಲ್ಲ. ಕರಗಿದ ತವರದ ಮೇಲೆ ತೇಲಿಸಿ ತಯಾರಿಸುವ ಫ್ಲೋಟ್ ಗಾಜು ನಮ್ಮಂತಹವರ ಕೆಲಸಕ್ಕೆ ಸಾಕೆನಿಸುವಷ್ಟು ಮಟ್ಟವಾಗಿರುತ್ತದೆ. ಕನ್ನಡಿ ಅಂಗಡಿಯವರು ಉಳಿದ ತುಂಡೊಂದನ್ನು ಅಂಚು ಉಜ್ಜಿ 150 ರೂಪಾಯಿಗೆ ಕೊಟ್ಟರು. 220ನೇ ನಂಬರಿನ ಪೇಪರಿನಲ್ಲಿ ಅಲಗಿನ ಬೆನ್ನನ್ನು ಮಟ್ಟ ಮಾಡಿ, ಇನ್ನೂ ನಯವಾದ 400, 800, 1500 ಎಂದು ಏರುತ್ತ 2000ಕ್ಕೆ ಬರುವಷ್ಟರಲ್ಲಿ ಅಂಚಿನ ಹತ್ತಿರ ಕಿಟಕಿಯ ಸರಳುಗಳು ಪ್ರತಿಬಿಂಬಿಸುತ್ತವೆ. ತೊಡಕೂ ಇದೆ. ನೆನೆದ ಪೇಪರಿನ ತುದಿ ಮೇಲೆದ್ದು ಅಲಗಿನ ಮೊನೆಯನ್ನು ಮೊಂಡು ಮಾಡುತ್ತದೆ. ಮುಂದಕ್ಕೆ ತಳ್ಳಿದರೆ ಪೇಪರ್ ಸೀಳುವುದರಿಂದ ಹಿಂದಕ್ಕೆ ಎಳೆಯುವಾಗ ಮಾತ್ರ ಒತ್ತಬೇಕು. ಕೆಲಸ ಮುಗಿದ ಕೂಡಲೇ ಅಲಗನ್ನು ಒರೆಸಿ ಎಣ್ಣೆ ಸವರದಿದ್ದರೆ ಮರುದಿನವೇ ತುಕ್ಕು.

ನಾನು ತೋಪಡ ಹಿಡಿಯುವುದು ಭಾನುವಾರಗಳಲ್ಲಿ ಮಾತ್ರ; ತಿಂಗಳಿಗೆ ನಾಲ್ಕೈದು ಹಾಳೆ ಸಾಕು. ದಿನವಿಡೀ ಇದೇ ಕೆಲಸವಾಗಿದ್ದರೆ ಪೇಪರಿನ ಖರ್ಚಿಗೆ ಹೆದರಿ ಸಾಣೆಕಲ್ಲನ್ನೇ ಆರಿಸಿಕೊಳ್ಳುತ್ತಿದ್ದೆ. ಉಬ್ಬಿದ ವಜ್ರದ ತಟ್ಟೆ ಈಗ ಅಡುಗೆಮನೆಯಲ್ಲಿದೆ. ಈಳಿಗೆಮಣೆಯ ಅಲಗು ಹೇಗೂ ಬಾಗಿರುವುದರಿಂದ, ನನ್ನ ಹೆಂಡತಿಗೆ ಅದರಲ್ಲಿ ಯಾವ ದೋಷವೂ ಕಂಡಿಲ್ಲ.