ಬಿಗ್ ಐಲ್ಯಾಂಡಿನ ಕಪ್ಪು ಮತ್ತು ಹಸಿರು ಮರಳಿನ ಬೀಚುಗಳು: ಯಾವುದಕ್ಕೆ ಎಷ್ಟು ಹೊತ್ತು ಕೊಡಬೇಕು

ಹವಾಯಿಗೆ ಹೋಗುವವರಲ್ಲಿ ಹೆಚ್ಚಿನವರು ಟಿಕೆಟ್ ಮಾಡಿಸುವುದು ಓವಾಹು ಅಥವಾ ಮಾವಿ ದ್ವೀಪಕ್ಕೆ. ಹವಾಯಿಯ ಅತಿ ದೊಡ್ಡ ದ್ವೀಪವಾದ ಬಿಗ್ ಐಲ್ಯಾಂಡಿಗೆ ಬಂದವರೂ ಕೋನಾ ಕಡೆಯ ರೆಸಾರ್ಟಿನಲ್ಲಿ ಉಳಿದು, ಒಂದು ದಿನ ಜ್ವಾಲಾಮುಖಿ ಪಾರ್ಕ್ ನೋಡಿ, ದಾರಿಯಲ್ಲಿ ಕಪ್ಪು ಮರಳಿನ ಬೀಚಿನ ಪಕ್ಕ ಹತ್ತು ನಿಮಿಷ ಕಾರು ನಿಲ್ಲಿಸಿ, ನಾಲ್ಕು ಫೋಟೊ ತೆಗೆದು ಹೊರಟುಬಿಡುತ್ತಾರೆ. ಆ ಹತ್ತು ನಿಮಿಷ ಏನೇನೂ ಸಾಲದು. ದ್ವೀಪದ ದಕ್ಷಿಣಕ್ಕಿರುವ ಕಾಊ, ಪೂರ್ವಕ್ಕಿರುವ ಪುನಾ, ಈ ಎರಡೂ ಕಡೆಯ ಕರಾವಳಿಗೆ ಕನಿಷ್ಠ ಎರಡು ದಿನ ಇಟ್ಟುಕೊಳ್ಳಿ. ಇಲ್ಲಿ ಒಂದೊಂದು ಬೀಚಿಗೂ ಒಂದೊಂದು ವಯಸ್ಸು. ಒಂದಂತೂ 2018ಕ್ಕೆ ಮುಂಚೆ ಇರಲೇ ಇಲ್ಲ.

ಅದರಿಂದಲೇ ಶುರು ಮಾಡುತ್ತೇನೆ, ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಅದೇ. ಹೆಸರು ಪೊಹೊಯ್ಕಿ. ಮ್ಯಾಪಿನಲ್ಲಿ ಐಸಾಕ್ ಹಾಲೆ ಪಾರ್ಕ್ ಅಂತ ಹುಡುಕಿ. 2018ರ ಮೇ ತಿಂಗಳಲ್ಲಿ ಕಿಲಾವೆಯಾ ಜ್ವಾಲಾಮುಖಿಯ ಪೂರ್ವ ಭಾಗದಲ್ಲಿ, ಜನ ವಾಸವಿದ್ದ ಬಡಾವಣೆಯ ನಡುವೆಯೇ ನೆಲ ಬಿರುಕು ಬಿಟ್ಟು ಲಾವಾ ಉಕ್ಕಿತು. ಸೆಪ್ಟೆಂಬರ್ ಹೊತ್ತಿಗೆ ಅದು ನಿಂತಾಗ 700ಕ್ಕೂ ಹೆಚ್ಚು ಮನೆಗಳು ಹೋಗಿದ್ದವು. ಕಪೊಹೊ ಅನ್ನುವ ಇಡೀ ಕೊಲ್ಲಿಯೇ ಲಾವಾ ತುಂಬಿ ನೆಲವಾಯಿತು. ಪೊಹೊಯ್ಕಿಯಲ್ಲಿ ಮೀನುಗಾರರು ದೋಣಿ ಇಳಿಸುವ ಜಾಗದ ಹತ್ತಿರಕ್ಕೆ ಬಂದು ಲಾವಾ ನಿಂತುಬಿಟ್ಟಿತು. ಸದ್ಯ, ಉಳಿಯಿತು ಅಂದುಕೊಳ್ಳುವ ಹೊತ್ತಿಗೆ ಮರಳು ಬಂತು. ಸಾವಿರ ಡಿಗ್ರಿ ಮೀರಿದ ಲಾವಾ ಸಮುದ್ರಕ್ಕೆ ಬಿದ್ದರೆ ನೀರು ಒಂದೇ ಏಟಿಗೆ ಆವಿಯಾಗಿ ಸಿಡಿಯುತ್ತದೆ. ಲಾವಾ ಅಲ್ಲೇ ತಣಿದು ಗಾಜಾಗಿ, ಚೂರುಚೂರಾಗುತ್ತದೆ. ಆ ಚೂರುಗಳನ್ನು ಅಲೆಗಳು ಹೊತ್ತು ತಂದು ಈ ಕೊಲ್ಲಿಯಲ್ಲಿ ರಾಶಿ ಹಾಕಿದವು. ದೋಣಿಗಳಿಗೆ ಸಮುದ್ರದ ದಾರಿಯೇ ಮುಚ್ಚಿಹೋಯಿತು. ನಮಗೆ ನೋಡಲು ಚೆಂದದ ಬೀಚು, ಅಲ್ಲಿನ ಮೀನುಗಾರರಿಗೆ ಹೊಟ್ಟೆಪಾಡಿನ ಪ್ರಶ್ನೆ. ಅಲ್ಲಿ ನಿಂತಾಗ ಇದು ತಲೆಯಲ್ಲಿರಲಿ.

ಪೊಹೊಯ್ಕಿಯ ಮರಳನ್ನು ಅಂಗೈಯಲ್ಲಿ ಹಾಕಿಕೊಂಡು ಸ್ವಲ್ಪ ಹೊತ್ತು ನೋಡಿ. ಕಾಳುಗಳು ಇನ್ನೂ ಪೂರ್ತಿ ಉರುಟಾಗಿಲ್ಲ. ಬಿಸಿಲಿಗೆ ಹಿಡಿದು ಕೈ ಅಲ್ಲಾಡಿಸಿದರೆ ಅಲ್ಲೊಂದು ಇಲ್ಲೊಂದು ಅಂಚು ಮಿಣಕ್ ಅನ್ನುತ್ತದೆ. ಬೆರಳ ನಡುವೆ ಉಜ್ಜಿದರೆ ತರಿತರಿ. ಬಿಳಿ ಮರಳಿನ ಹಾಗೆ ಚಿಪ್ಪು, ಹವಳದ ಪುಡಿ ಇದರಲ್ಲಿ ಹೆಚ್ಚು ಸೇರಿಲ್ಲ, ಎಲ್ಲಾ ಕಲ್ಲೇ, ಅದೂ ನಿನ್ನೆ ಮೊನ್ನೆಯ ಕಲ್ಲು. ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರಿಸ್ ದ್ವೀಪಕ್ಕೆ ಹೋದವರಿಗೆ ಅಲ್ಲಿನ ಕಂಬದಂಥ ಬಂಡೆಗಳು ನೆನಪಿರುತ್ತವೆ. ಅವೂ ಲಾವಾ ತಣಿದು ಆದವೇ, ಆದರೆ ಸುಮಾರು 8.8 ಕೋಟಿ ವರ್ಷ ಹಳೆಯವು. ಆ ಬಂಡೆ ಮುಟ್ಟಿದ ಕೈಯಲ್ಲಿ ಈ ಮರಳನ್ನು ಹಿಡಿದಾಗ ನನಗೆ ನಿಜಕ್ಕೂ ಮೈ ಜುಮ್ಮೆಂದಿತು.

ಇಲ್ಲಿ ಮರಳಿನ ಹಿಂದೆ ಬೆಚ್ಚಗಿನ ನೀರಿನ ಕೊಳಗಳಾಗಿವೆ. ಇಳಿಯಬೇಕು ಅಂತ ಆಸೆಯಾಗುತ್ತದೆ, ಆದರೆ ಬ್ಯಾಕ್ಟೀರಿಯಾ ಇದೆ ಅಂತ ಬೋರ್ಡು ಹಾಕಿದ್ದಾರೆ. ಮೈಮೇಲೆ ಗಾಯ ಇದ್ದರಂತೂ ಬೇಡವೇ ಬೇಡ. ಸಮುದ್ರದಲ್ಲೂ ಅಲೆ ಜೋರು. ನಾನು ಮೊಣಕಾಲಿನ ಮೇಲೆ ನೀರಿಗೆ ಇಳಿಯಲಿಲ್ಲ. ಅದರಿಂದ ಕಳೆದುಕೊಂಡದ್ದೇನೂ ಇಲ್ಲ.

ಅಲ್ಲಿಂದ ಕರಾವಳಿ ರಸ್ತೆ ಹಿಡಿದು ಪಶ್ಚಿಮಕ್ಕೆ ಬಂದರೆ ಕಲಪಾನಾ. ಇಲ್ಲಿ ಕೈಮು ಅಂತ ಹೆಸರುವಾಸಿ ಕಪ್ಪು ಮರಳಿನ ಬೀಚ್ ಇತ್ತು, ಸುತ್ತ ತೆಂಗಿನ ಮರಗಳಿದ್ದವು. 1990ರಲ್ಲಿ ಲಾವಾ ಬಂದು ಊರನ್ನೂ ಬೀಚನ್ನೂ ಒಟ್ಟಿಗೆ ಮುಚ್ಚಿತು. ಈಗ ಆ ಲಾವಾದ ಮೇಲೆಯೇ ಹತ್ತು ಹದಿನೈದು ನಿಮಿಷ ನಡೆದು ಹೋದರೆ ಹೊಸದಾಗಿ ಆದ ಕಪ್ಪು ಮರಳಿನ ದಂಡೆ ಸಿಗುತ್ತದೆ. ದಾರಿಯುದ್ದಕ್ಕೂ ಲಾವಾದ ಬಿರುಕುಗಳಲ್ಲಿ ತೆಂಗಿನ ಸಸಿಗಳು. ತಾವಾಗಿ ಹುಟ್ಟಿದವಲ್ಲ, ಊರಿನವರು ಮೊಳಕೆ ಬಂದ ಇಡೀ ಕಾಯಿಯನ್ನು ತಂದು ನೆಟ್ಟಿದ್ದು. ಒಂದು ಸಸಿಯ ಬುಡ ಬಗ್ಗಿ ನೋಡಿದೆ. ಮಣ್ಣೇ ಇಲ್ಲ. ಸಿಪ್ಪೆ ಸಮೇತ ಕಾಯಿ ಕಲ್ಲಿನ ಸಂದಿಯಲ್ಲಿ ಕೂತಿದೆ, ಸುತ್ತ ಒಂದೆರಡು ಹಿಡಿ ಕಪ್ಪು ಪುಡಿ, ಮೇಲೆ ಮೂರು ಹಸಿರು ಗರಿ. ತೋಟ ಇಟ್ಟು ಗೊತ್ತಿರುವವರು ಇದನ್ನು ನೋಡಿದರೆ ಬೇರೆ ವಿವರಣೆ ಬೇಕಾಗಿಲ್ಲ. ಈಜುವುದಕ್ಕೆ ಇದು ಜಾಗ ಅಲ್ಲ, ನೆರಳೂ ಇಲ್ಲ. ಆದರೂ ಬಿಡಬೇಡಿ.

ಇನ್ನು ಎಲ್ಲರಿಗೂ ಗೊತ್ತಿರುವ ಪುನಲುಊ. ದ್ವೀಪದ ಪೂರ್ವಕ್ಕಿರುವ ಹಿಲೋ ಪಟ್ಟಣದಿಂದ ಹೆದ್ದಾರಿ 11ರಲ್ಲಿ ಒಂದೂಕಾಲು ಗಂಟೆಯ ದಾರಿ. ತೆಂಗಿನ ಮರ, ಹಿಂದೆ ಕೊಳ, ಮುಂದೆ ಕಡುಕಪ್ಪು ಮರಳು, ಅದರ ಮೇಲೆ ಬಿಸಿಲು ಕಾಯಿಸುತ್ತಾ ಮಲಗಿದ ಹಸಿರು ಕಡಲಾಮೆಗಳು. ಅಲ್ಲಿನವರು ಹೊನು ಅನ್ನುತ್ತಾರೆ. ಆಮೆಯಿಂದ ಕಡಿಮೆ ಅಂದರೂ 10 ಅಡಿ ದೂರ ಇರಬೇಕು, ಜಾಸ್ತಿ ಇದ್ದರೆ ಇನ್ನೂ ಒಳ್ಳೆಯದು. ಅವಕ್ಕೆ ಕಾನೂನಿನ ರಕ್ಷಣೆ ಇದೆ. ನಾನಿದ್ದಾಗ ಒಂದು ಟೂರ್ ಬಸ್ಸಿನವರು ಹದಿನೈದು ನಿಮಿಷ ಟೈಮ್ ಕೊಟ್ಟು ಜನರನ್ನು ಇಳಿಸಿದರು. ಇಳಿದವರು ಸೀದಾ ಓಡಿ ಬಂದು ಆಮೆಯ ಮೂತಿಯ ಮುಂದೆ ಫೋನ್ ಹಿಡಿದರು. ಗೈಡ್ ಒಂದು ಮಾತೂ ಹೇಳಲಿಲ್ಲ. ನನಗೆ ತುಂಬಾ ಸಿಟ್ಟು ಬಂತು. ಅದಕ್ಕೇ ಹೇಳುತ್ತಿದ್ದೇನೆ, ಇಲ್ಲಿಗೆ ನಿಮ್ಮದೇ ಗಾಡಿಯಲ್ಲಿ, ಬೆಳಗ್ಗೆ ಬೇಗ ಬನ್ನಿ. ಆಮೆಗಳು ಹೆಚ್ಚಾಗಿ ಮೇಲೆ ಬರುವುದು ಬಿಸಿಲೇರಿದ ಮೇಲೆ, ಹಾಗಾಗಿ ಮೊದಲು ಬೀಚನ್ನು ಖಾಲಿ ಇದ್ದಾಗ ನೋಡಿ, ಆಮೇಲೆ ಒಂದು ಕಡೆ ಕೂತು ಕಾಯಿರಿ. ನೀರಿನ ಅಂಚಿನಲ್ಲಿ ಕಾಲಿಟ್ಟರೆ ಕೆಲವು ಕಡೆ ಥಟ್ಟನೆ ತಣ್ಣಗಾಗುತ್ತದೆ. ಅಲ್ಲಿ ನೆಲದಡಿಯಿಂದ ಸಿಹಿನೀರು ಉಕ್ಕುತ್ತಿರುತ್ತದೆ. ಟಾಯ್ಲೆಟ್, ಕೂತು ಊಟ ಮಾಡಲು ಜಾಗ ಎರಡೂ ಇವೆ. ಮಧ್ಯಾಹ್ನ ಬರಿಗಾಲಲ್ಲಿ ನಡೆಯಬೇಡಿ, ಕಪ್ಪು ಮರಳು ಕಾಲು ಸುಡುತ್ತದೆ.

ಎಲ್ಲಾ ಬೀಚಿಗೂ ಒಂದು ಮಾತು: ಮರಳು ತರಬೇಡಿ. ಹವಾಯಿಯಲ್ಲಿ ಅದು ಕಾನೂನುಬಾಹಿರ. ಕಾನೂನು ಬದಿಗಿಟ್ಟರೂ ಕಾರಣ ಇದೆ. ನದಿ ತಂದು ಹಾಕುವ ಮರಳಾದರೆ ಪ್ರತಿ ಮಳೆಗಾಲಕ್ಕೂ ಬರುತ್ತದೆ. ಇಂಥ ಕಪ್ಪು ಮರಳಿನ ಕಡೆ ಲಾವಾ ಸಮುದ್ರಕ್ಕೆ ಬೀಳುವಾಗ ಬಂದಷ್ಟೇ ಮರಳು. ಲಾವಾ ನಿಂತ ಮೇಲೆ ಬರುವುದು ನಿಂತಿತು, ಅಲೆ ಒಯ್ಯುವುದು ಮಾತ್ರ ನಿಲ್ಲುವುದಿಲ್ಲ. ಬಾಟಲಿಯಲ್ಲಿ ತುಂಬಿಕೊಂಡು ಹೋದ ಒಂದು ಹಿಡಿ ಕೂಡ ಇರುವ ಗಂಟಿನಿಂದಲೇ ಕಡಿಮೆಯಾಗುತ್ತದೆ.

ಪಾಪಕೋಲೆಯಾ ಹಸಿರು ಮರಳಿನ ಬೀಚ್ ಇವೆಲ್ಲಕ್ಕಿಂತ ಕಷ್ಟದ್ದು. ಕಾ ಲೇ ಅನ್ನುವ ತುದಿ ಅಮೆರಿಕದ 50 ರಾಜ್ಯಗಳಲ್ಲೇ ಅತಿ ದಕ್ಷಿಣದ್ದು, ಹೆಚ್ಚು ಕಡಿಮೆ ಮುಂಬೈಯ ಅಕ್ಷಾಂಶ. ಅಲ್ಲಿ ಹಿಂದಿನ ಹವಾಯಿಯನ್ನರು ದೋಣಿಗಳನ್ನು ಹಗ್ಗದಿಂದ ಕಟ್ಟಿ ನಿಲ್ಲಿಸಲು ಬಂಡೆಯಲ್ಲಿ ಕೊರೆದ ತೂತುಗಳು ಇವತ್ತಿಗೂ ಇವೆ, ನೋಡಿ. ಹತ್ತಿರದ ಪಾರ್ಕಿಂಗಿನಿಂದ ಬೀಚಿಗೆ ಒಂದು ದಿಕ್ಕಿಗೆ ಸುಮಾರು 4 ಕಿ.ಮೀ. ನಡಿಗೆ. ಮರ ಇಲ್ಲ, ಅಂಗಡಿ ಇಲ್ಲ, ಗಾಳಿ ಎಷ್ಟು ಅಂದರೆ ಟೋಪಿ ಕೈಯಲ್ಲೇ ಹಿಡಿದುಕೊಳ್ಳಬೇಕು, ಕೆಂಪು ಧೂಳು ಕಣ್ಣಿಗೆ ಬೀಳುತ್ತದೆ. ಪಾರ್ಕಿಂಗ್ ಹತ್ತಿರ ಜೀಪಿನವರು ತಲೆಗೆ 20 ಡಾಲರ್ ಆಸುಪಾಸಿಗೆ ಕರೆದೊಯ್ಯುತ್ತೇವೆ ಅನ್ನುತ್ತಾರೆ. ಆದರೆ ಇದು ಮೂಲ ಹವಾಯಿಯನ್ನರಿಗಾಗಿ 1921ರ ಕಾಯ್ದೆಯಡಿ ಕಾದಿಟ್ಟ ನೆಲ. ಗಾಡಿ ಓಡಿಸಲು ಅನುಮತಿ ಇಲ್ಲ. ಚಕ್ರಗಳು ನೆಲವನ್ನು ಆಳುದ್ದ ಕೊರೆದು ಹಾಕಿರುವುದು ದಾರಿಯುದ್ದಕ್ಕೂ ಕಾಣುತ್ತದೆ. ಕಾಲು ಗಟ್ಟಿ ಇದ್ದರೆ ನಡೆಯಿರಿ. ವಯಸ್ಸಾದ ಅಪ್ಪ ಅಮ್ಮ ಜೊತೆಗಿದ್ದರೆ ಈ ಬೀಚನ್ನು ಬಿಟ್ಟುಬಿಡುವುದೇ ಒಳ್ಳೆಯದು. ಕೊನೆಗೆ ಕಡಿದಾದ ದಿಬ್ಬ ಬೇರೆ ಇಳಿಯಬೇಕು.

ಇಳಿದವರಿಗೆ ಸಿಗುವುದು ಏನು? ಅರ್ಧ ಕುಸಿದ ಹಳೆಯ ಬೂದಿಯ ಗುಡ್ಡ, 49,000 ವರ್ಷಗಳಿಗೂ ಹಿಂದಿನದು. ಅದರಲ್ಲಿ ಒಲಿವಿನ್ ಅನ್ನುವ ಹಸಿರು ಖನಿಜ ಇದೆ. ಅಲೆ ಗುಡ್ಡವನ್ನು ತಿಂದಾಗ ಹಗುರವಾದ ಬೂದಿ ತೇಲಿ ಹೋಗುತ್ತದೆ, ಭಾರದ ಒಲಿವಿನ್ ದಡದಲ್ಲೇ ಉಳಿಯುತ್ತದೆ. ಫೋಟೊಗಳಲ್ಲಿ ಕಾಣುವ ಪಚ್ಚೆ ಬಣ್ಣ ನಿರೀಕ್ಷಿಸಬೇಡಿ. ದೂರದಿಂದ ಮಾಸಲು ಹಸಿರು, ಅಷ್ಟೇ. ಒದ್ದೆ ಮರಳನ್ನು ಕೈಯಲ್ಲಿ ತೆಗೆದುಕೊಂಡಾಗ ಮಾತ್ರ ಅದರ ನಿಜವಾದ ರೂಪ: ಕಪ್ಪು ಕಾಳು, ಒಂದೊಂದು ಬಿಳಿ ಚೂರು, ನಡುವೆ ಬೆಳಕು ಹಾಯುವ ಹಸಿರು ಹರಳು. ಕೈಯಲ್ಲಿ ನೋಡಿ ಅಲ್ಲೇ ಬಿಡಿ.

ವಾಪಸ್ ಬರುವಾಗ ನಾಆಲೆಹು ಊರಿನ ಪುನಲುಊ ಬೇಕ್ ಶಾಪ್‌ನಲ್ಲಿ ನಿಲ್ಲಿಸಿ. ಪೋರ್ಚುಗೀಸರಿಂದ ಬಂದ ಮಲಸಾಡಾ ಅನ್ನುವ ಕರಿದ ಸಿಹಿ ಬನ್ನು ಇಲ್ಲಿ ಚೆನ್ನಾಗಿದೆ, ಲಿಲಿಕೋಯ್ ಹಣ್ಣಿನದು ನನಗೆ ಹಿಡಿಸಿತು, ಹುಳಿ ಸಿಹಿ ಎರಡೂ ಸರಿಯಾಗಿದೆ. ಹಿಟ್ಟಿಗೆ ಮೊಟ್ಟೆ ಹಾಕುತ್ತಾರೆ, ಮೊಟ್ಟೆ ತಿನ್ನದವರು ನೆನಪಿಡಿ. ಸಸ್ಯಾಹಾರಿಗಳಿಗೆ ಈ ಕಡೆ ಊಟದ ಆಯ್ಕೆ ಕಡಿಮೆ, ನಾವು ಹಿಲೋದಲ್ಲೇ ಚಿತ್ರಾನ್ನ ಮಾಡಿ ಡಬ್ಬಿಗೆ ಹಾಕಿಕೊಂಡಿದ್ದೆವು.

ಒಟ್ಟಾರೆ ಅಂಕ ಕೊಡುವುದಾದರೆ ಪೊಹೊಯ್ಕಿ ಮತ್ತು ಕಲಪಾನಾಕ್ಕೆ ಐದಕ್ಕೆ ಐದು, ಪುನಲುಊ ಬೆಳಗ್ಗೆ ಐದು, ಮಧ್ಯಾಹ್ನ ಮೂರು. ಪಾಪಕೋಲೆಯಾ ನಡೆಯುವವರಿಗೆ ನಾಲ್ಕು. ಮೊಬೈಲ್ ಸಿಗ್ನಲ್ ಹಲವು ಕಡೆ ಸಿಗುವುದಿಲ್ಲ, ಮ್ಯಾಪ್ ಮೊದಲೇ ಇಳಿಸಿಕೊಳ್ಳಿ. ಪೆಟ್ರೋಲ್ ಬಂಕ್‌ಗಳು ದೂರ ದೂರ, ಹಿಲೋ ಬಿಡುವಾಗಲೇ ಟ್ಯಾಂಕ್ ತುಂಬಿಸಿ. ತಲೆಗೆ ಎರಡು ಲೀಟರ್ ನೀರು ಕಾರಿನಲ್ಲಿರಲಿ.